ಆಷಾಢ ಶುಕ್ರವಾರ ನಡೆದ ಸಭೆ

ಮೈಸೂರು
ಆಗಸ್ಟ್ 2007

ಒಳನಗರ ಪುನಶ್ಚೇತನ ಯೋಜನೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಅಗ್ರಹಾರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯ ಹನ್ನೊಂದು ಮನೆಗಳನ್ನು ತಾವು ಮುಂದಿನ ತಿಂಗಳು ಕೆಡವಲಿದ್ದೀರಿ. ಅಲ್ಲಿ ಕಾರು ನಿಲ್ಲಿಸಲು ಜಾಗವಾಗುತ್ತದಂತೆ. ಆ ಮನೆಗಳಲ್ಲಿದ್ದು ಹೂ ಕಟ್ಟಿ ಮಾರುವ ಹೆಂಗಸರಿಗೆ ಹತ್ತು ಕಿಲೋಮೀಟರ್ ಆಚೆ, ಮೂರನೇ ಮಹಡಿಯಲ್ಲಿ ಮನೆಗಳಂತೆ. 'ನಿವಾಸಿಗಳ ಸರ್ವಾನುಮತದ ಒಪ್ಪಿಗೆ ಪಡೆದು' ಎಂದು ತಮ್ಮ ಆದೇಶದಲ್ಲಿದೆ. ಒಪ್ಪಿದವರ ಪಟ್ಟಿಯಲ್ಲಿ ಮೊದಲ ಸಹಿ ನನ್ನದು. ಆ ಹನ್ನೊಂದು ಮನೆಗಳವರ ಒಂದು ಸಹಿಯೂ ಅದರಲ್ಲಿಲ್ಲ.

ಸಭೆಗೆ ತಾವು ಆರಿಸಿಕೊಂಡದ್ದು ಆಷಾಢದ ಎರಡನೇ ಶುಕ್ರವಾರ, ಬೆಳಗ್ಗೆ ಹನ್ನೊಂದು ಗಂಟೆ. ಆ ದಿನ ಅರ್ಧ ಊರು ಚಾಮುಂಡಿ ಬೆಟ್ಟದಲ್ಲಿರುತ್ತದೆ ಎಂಬುದು ಮೈಸೂರಿನಲ್ಲಿ ಸಂಬಳ ಎಣಿಸುವ ಅಧಿಕಾರಿಗೆ ತಿಳಿಯದೇ? ಹೂವಿನವರು ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಬೆಟ್ಟಕ್ಕೆ ಹೋಗುವುದು ಆ ಶುಕ್ರವಾರಗಳಲ್ಲೇ. 'ಆಕ್ಷೇಪಣೆ ಸಲ್ಲಿಸಲು ಯಾರೂ ಹಾಜರಾಗಲಿಲ್ಲ' ಎಂದು ತಾವು ಬರೆದುಕೊಂಡಿರಿ. ಬೀಗ ಹಾಕಿದ ಮನೆಯ ಮುಂದೆ ನಿಂತು, ಯಾರೂ ಬೇಡವೆನ್ನಲಿಲ್ಲ ಎಂದರೆ ಆಯಿತೇ? 'ಎಲ್ಲರನ್ನೂ ಒಳಗೊಳ್ಳುವ ನಗರ' ಎಂದು ತಮ್ಮ ಕರಪತ್ರದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿದೆ. ಎಲ್ಲರೂ ಎಂದರೆ ಕಾರುಗಳೇ, ಸ್ವಾಮಿ?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಸಭೆಯ ಹಿಂದಿನ ಸಂಜೆ ಓಣಿಯ ಹಿರಿಯಳಾದ ದೇವಿರಮ್ಮ ನಮ್ಮ ಜಗಲಿಗೆ ಬಂದು, ಸಭೆಯನ್ನು ಸೋಮವಾರಕ್ಕೆ ಹಾಕಲು ಹೇಳಿ ಎಂದು ಕೇಳಿಕೊಂಡಿದ್ದಳು. ನಾನು ಆಗಲಿ ಎಂದಿದ್ದೆ. ಸಭೆಯಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಉಪ್ಪಿಟ್ಟು, ಕಾಫಿ ಕೊಟ್ಟರು. ಯಾರಾದರೂ ಮಾತಾಡುತ್ತೀರಾ ಎಂದು ತಮ್ಮ ಎಂಜಿನಿಯರು ಕೇಳಿದಾಗ ಎದ್ದು ನಿಂತು, ನಮ್ಮ ಮನೆ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಿ ಎಂದೆ. ಕೂಡಲೇ ಮಂಜೂರಾಯಿತು. ದೇವಿರಮ್ಮನ ಮಾತು ಮರೆತುಹೋಯಿತು ಎಂದರೆ ಸುಳ್ಳಾಗುತ್ತದೆ. ಉಪ್ಪಿಟ್ಟು ತಿಂದ ಮೇಲೆ ಎದುರು ಮಾತಾಡಲು ಸಂಕೋಚವಾಯಿತು, ಅಷ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಹಾಜರಿ ಹಾಳೆ ಬಂತು. ಮೇಲ್ಭಾಗ ಖಾಲಿಯಿತ್ತು. ಮೂವತ್ತೊಂದು ವರ್ಷ ಸರ್ಕಾರಿ ಗುಮಾಸ್ತನಾಗಿದ್ದವನು ನಾನು. ಮೊದಲು ಸಹಿ ಹಾಕಿಸಿಕೊಂಡು, ನಿರ್ಣಯವನ್ನು ನಿಧಾನವಾಗಿ ಮೇಲೆ ಬರೆಯುವ ವಿದ್ಯೆ ನನಗೂ ಗೊತ್ತು. ಎಷ್ಟೋ ಸಲ ನಾನೇ ಮಾಡಿದ್ದೇನೆ. ಗೊತ್ತಿದ್ದೂ ಜೇಬಿನಿಂದ ಪೆನ್ನು ತೆಗೆದು ಠೀವಿಯಿಂದ ಸಹಿ ಹಾಕಿದೆ.

ಗೋಡೆಗೆ ನೋಟೀಸು ಅಂಟಿಸಿದ ದಿನ ದೇವಿರಮ್ಮ ಮತ್ತೆ ಬಂದಳು. ಜಗಳವಾಡುತ್ತಾಳೆಂದು ನಾನು ಕಾದಿದ್ದೆ; ಆಡಲಿಲ್ಲ.

"ನೀವಿರ್ತೀರಲ್ಲ ಅಂತ ನಾವು ಬೆಟ್ಟಕ್ಕೋದ್ವಿ ಸ್ವಾಮಿ. ನೀವೇ ಬರ್ಕೊಟ್ಬುಟ್ರಾ?" ಎಂದಳು. "ಬೆಳಿಗ್ಗೆ ನಾಕು ಗಂಟೆಗೆ ಅಲ್ಲಿಂದ ಮಾರ್ಕೆಟ್ಟಿಗೆ ಎಂಗ್ ಬರೋದು?"

ಇಲ್ಲಿಂದ ಅವರು ಹೂವಿನ ಮಾರುಕಟ್ಟೆಗೆ ನಡೆದೇ ಹೋಗುತ್ತಾರೆ. ತಾವು ಕೊಡುವ ಮನೆಗಳಿಂದ ಮೊದಲ ಬಸ್ಸು ಆರೂವರೆಗೆ. ಅಷ್ಟರಲ್ಲಿ ಒಳ್ಳೆಯ ಹೂವೆಲ್ಲ ಖಾಲಿ. ಮನೆ ಕೊಟ್ಟು ಅನ್ನ ಕಿತ್ತುಕೊಳ್ಳುವುದಕ್ಕೆ ತಮ್ಮ ಕಡತದಲ್ಲಿ ಏನೆನ್ನುತ್ತಾರೋ ನಾನರಿಯೆ.

ಆದ್ದರಿಂದ ನನ್ನ ಒಪ್ಪಿಗೆಯನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಆದೇಶವನ್ನು ತಡೆಹಿಡಿಯಿರಿ. ಶುಕ್ರವಾರ ಬಿಟ್ಟು ಬೇರೆ ದಿನ, ವ್ಯಾಪಾರ ಮುಗಿದ ಹೊತ್ತಿನಲ್ಲಿ, ಆ ಓಣಿಯಲ್ಲೇ ಸಭೆ ಕರೆಯಿರಿ. ನಿರ್ಣಯವನ್ನು ಮೊದಲು ಬರೆದು, ಎಲ್ಲರಿಗೂ ಕೇಳುವಂತೆ ಓದಿ, ಆಮೇಲೆ ಹಾಳೆ ಕೊಡಿ. ಅವರ ಪರವಾಗಿ ಮಾತಾಡಲು ನನ್ನನ್ನು ಕರೆಯಬೇಡಿ. ದೇವಿರಮ್ಮನಿಗೆ ಸಹಿ ಹಾಕಲು ಬರುತ್ತದೆ. ಇದುವರೆಗೆ ಆಕೆಯನ್ನು ಯಾರೂ ಕೇಳಿಲ್ಲ.

ಇಂತಿ,
ತಮ್ಮ ಸರ್ವಾನುಮತದಲ್ಲಿ ಮೊದಲನೆಯವನಾಗಿದ್ದ
ಕೃಷ್ಣಸ್ವಾಮಿ
ನಿವೃತ್ತ ಗುಮಾಸ್ತ, ಅಗ್ರಹಾರ