ದೂರು ಬಂದದ್ದು ಅಮ್ಮನ ಟೇಬಲ್ಲಿಗೆ

ಸೋಮವಾರ, ಆಫೀಸಿನಿಂದ

ನನ್ನ ಮುದ್ದು ಗುಬ್ಬಿಗೆ ಅಮ್ಮನ ಸಾವಿರ ಮುತ್ತುಗಳು.

ನನ್ನ ಫೋನ್ ಎತ್ತುವುದಿಲ್ಲ ಎಂದು ಶಪಥ ಮಾಡಿದ್ದೀಯ, ಅದಕ್ಕೇ ಈ ಕಾಗದ. ಹರಿದು ಬಿಸಾಡುವ ಮುಂಚೆ ಪೂರ್ತಿ ಓದು. ಆ ಬೆಟ್ಟದೂರಿನ ಬಾಡಿಗೆ ಕೋಣೆಯಲ್ಲಿ ಹೀಟರ್ ಕೆಟ್ಟಿದೆಯಂತೆ, ನಿಮ್ಮಪ್ಪ ನಿನ್ನ ಹತ್ತಿರ ಫೋನಿನಲ್ಲಿ ಮಾತಾಡುವಾಗ ಕೇಳಿಸಿಕೊಂಡೆ. ಉಣ್ಣೆಯ ಸಾಕ್ಸ್ ಹಾಕಿಕೊಂಡು ಮಲಗು.

ಈಗ ವಿಷಯಕ್ಕೆ ಬರುತ್ತೇನೆ. ನೀನು ವಿಮಾನಯಾನ ಪ್ರಾಧಿಕಾರಕ್ಕೆ ಬರೆದ ದೂರು ನನ್ನ ಟೇಬಲ್ಲಿನ ಮೇಲಿದೆ. ಗಾಬರಿಯಾಗಬೇಡ, ಯಾರೂ ಕದ್ದು ತಂದದ್ದಲ್ಲ. ಕಂಪನಿಯ ಮೇಲೆ ಯಾರು ದೂರು ಕೊಟ್ಟರೂ ಪ್ರಾಧಿಕಾರ ಅದನ್ನು ಹೆಸರಿನ ಸಮೇತ ಅದೇ ಕಂಪನಿಯ ಸುರಕ್ಷತಾ ಮುಖ್ಯಸ್ಥರಿಗೆ ಕಳಿಸಿ ವಿವರಣೆ ಕೇಳಬೇಕು. ನಿಯಮವೇ ಹಾಗಿದೆ. ನಮ್ಮ ಕಂಪನಿಯಲ್ಲಿ ಆ ಕುರ್ಚಿಯ ಮೇಲೆ ಕೂತವಳು ಯಾರು? ನಿನ್ನ ಹೆತ್ತಮ್ಮ. ಅಲ್ಲಿನ ಅಧಿಕಾರಿ ಪಾಪ ತಾವಾಗಿಯೇ ಫೋನ್ ಮಾಡಿ, ಮೇಡಂ, ಇವ್ಳು ನಿಮ್ಮ ಮಗಳೇ ಅಂತಲ್ಲ, ಉತ್ತರ ಏನ್ ಬರೀಬೇಕು ನೀವೇ ಹೇಳ್ಬಿಡಿ, ನಾವು ಸೈನ್ ಹಾಕ್ತೀವಿ ಅಂದರು. ಅವರಿಗೆ ಬರುವ ವರ್ಷ ನಿವೃತ್ತಿ. ಆಮೇಲೆ ನಮ್ಮಲ್ಲೇ ಸಲಹೆಗಾರರಾಗಿ ಸೇರುತ್ತಾರೆ. ಒಳ್ಳೆಯ ಮನುಷ್ಯ.

ದೂರು ಓದಿದೆ. ಬರವಣಿಗೆಗೆ ಹೆಸರಿಡುವ ಹಾಗಿಲ್ಲ. ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟದಂತೆ ಬಿಸಿಗಾಳಿ ಬಿಡುವ ವಾಲ್ವು ಕೆಟ್ಟರೆ, ಆ ವಿಮಾನವನ್ನು ಹತ್ತು ದಿನದೊಳಗೆ ಸರಿಮಾಡಬೇಕು, ಅಲ್ಲಿಯವರೆಗೆ ಹಾಗೇ ಹಾರಿಸಬಹುದು. ಹತ್ತನೆಯ ದಿನ ನಮ್ಮವರು ಕೆಟ್ಟದ್ದನ್ನು ಬಿಚ್ಚಿ ಪಕ್ಕದ ವಿಮಾನಕ್ಕೆ ಹಾಕುತ್ತಾರೆ, ಅದರ ಒಳ್ಳೆಯ ವಾಲ್ವನ್ನು ಇದಕ್ಕೆ ಹಾಕುತ್ತಾರೆ. ಇದು ರಿಪೇರಿಯಾಯಿತು, ಅದಕ್ಕೆ ಹೊಸದಾಗಿ ಹತ್ತು ದಿನ ಶುರುವಾಯಿತು. ಹೀಗೆ ಒಂದೇ ಕೆಟ್ಟ ವಾಲ್ವು ಚಳಿಗಾಲವಿಡೀ ಎರಡು ವಿಮಾನಗಳ ನಡುವೆ ಓಡಾಡುತ್ತಿದೆ ಎಂದು ಬರೆದಿದ್ದೀಯ. ಸರಿಯಾಗಿಯೇ ಬರೆದಿದ್ದೀಯ. ಆದರೆ ಹಾಗೆ ಮಾಡಬಾರದು ಎಂದು ಯಾವ ನಿಯಮದಲ್ಲಿದೆ, ತೋರಿಸು ನೋಡೋಣ?

ಅದಕ್ಕೇ ನಿಯಮ ಬದಲಾಗಬೇಕು ಅನ್ನುತ್ತೀಯ. ದಿನಗಳನ್ನು ವಿಮಾನಕ್ಕಲ್ಲ, ವಾಲ್ವಿಗೇ ಎಣಿಸಬೇಕಂತೆ. ತಪಾಸಣೆಯವರು ಹೇಳದೆ ಕೇಳದೆ ನುಗ್ಗಬೇಕಂತೆ. ಈಗ ಅವರು ಮುಂಚೆಯೇ ತಿಳಿಸುತ್ತಾರೆ, ನಾವು ಕಾರು ಕಳಿಸುತ್ತೇವೆ, ಒಳ್ಳೆಯ ವಾಲ್ವಿರುವ ವಿಮಾನವನ್ನು ತೊಳೆದು ಮುಂದೆ ನಿಲ್ಲಿಸುತ್ತೇವೆ. ಮನೆಗೆ ನೆಂಟರು ಬಂದರೆ ಕೆಟ್ಟ ಕುರ್ಚಿ ಯಾರಾದರೂ ಹಾಕುತ್ತಾರೆಯೇ?

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಆ ದಿನ ಪ್ರಯಾಣಿಕರೆಲ್ಲ ಹತ್ತಿ ಕೂತ ಮೇಲೆ, ನಾನಿದನ್ನ ಹಾರ್ಸಲ್ಲ ಅಂತ ಕಾಕ್‌ಪಿಟ್ಟಿನಿಂದ ಇಳಿದು ಬಂದೆಯಲ್ಲ, ಅದು ನನ್ನ ಕೆನ್ನೆಗೆ ಹೊಡೆದ ಏಟು. ಆ ವಿಮಾನ ಹಾರಬಹುದು ಎಂದು ಸೈನ್ ಹಾಕಿದವಳು ನಾನು. ಕ್ಯಾಂಟೀನಿನಲ್ಲಿ ಎಳೆನಿಂಬೆಕಾಯಂಥ ಹುಡುಗರೆಲ್ಲ, ಅಮ್ಮನ ಸೈನನ್ನ ಮಗಳೇ ನಂಬಲ್ವಂತೆ ಅಂತ ಕಿಸಿಕಿಸಿ ನಕ್ಕರು. ಇವಳಿಗೆ ಒಂದು ಪಾಠ ಕಲಿಸಬೇಕು ಅನ್ನಿಸಿತು.

ಹೌದು, ಕಂಪನಿಯ ಡಾಕ್ಟರ ಹತ್ತಿರ ನಿನ್ನನ್ನು ಕಳಿಸಿದ್ದು ನಾನೇ. ಹುಡುಗಿ ಮನಸ್ಸು ಹೇಗಿದೆ ಮೇಡಂ ಅಂತ ಅವರು ಕೇಳಿದರು. ತಾಯಿಯಾಗಿ ಸುಳ್ಳು ಹೇಳಲೇ? ಮದುವೆ ಮುರಿದಾಗ ನನ್ನ ತೊಡೆಯ ಮೇಲೆ ತಲೆಯಿಟ್ಟು, ಬದುಕೋದೇ ಬೇಡ ಅನ್ಸುತ್ತೆ ಅಮ್ಮ, ಯಾರ್ಗೂ ಹೇಳ್ಬೇಡ ಅಂತ ಅತ್ತಿದ್ದೆಯಲ್ಲ, ಅದನ್ನು ಹೇಳಿದೆ. ಅಷ್ಟೇ. ಮನಸ್ಸು ಸ್ಥಿಮಿತದಲ್ಲಿಲ್ಲ ಎಂದು ಬರೆದದ್ದು ಡಾಕ್ಟರು, ಲೈಸೆನ್ಸ್ ಅಮಾನತು ಮಾಡಿದ್ದು ಪ್ರಾಧಿಕಾರ. ನಡುವೆ ನಾನೇನು ಮಾಡಿದೆ ಹೇಳು?

ನಿಮ್ಮಪ್ಪ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬಿಡುವ ಮುಂಚೆ, ನಿಂದೇನು ಹೆತ್ತ ಕರುಳೇನೇ ಅಂದರು. ಕರುಳಿರೋದಕ್ಕೇ ಬರೀ ಅಮಾನತು, ಇಲ್ದಿದ್ರೆ ಕೆಲಸಾನೇ ಹೋಗ್ತಿತ್ತು ಅಂದೆ. ತಟ್ಟೆಯ ಮುಂದಿನಿಂದ ಎದ್ದು ಹೋದರು.

ಹಠ ಬಿಡು ಗುಬ್ಬಿ. ಮುಂದಿನ ವಾರ ನಿನ್ನ ಲೈಸೆನ್ಸಿನ ವಿಚಾರಣೆ. ದೂರು ಬರೆದಾಗ ನನ್ನ ಮನಸ್ಸು ಸರಿಯಿರಲಿಲ್ಲ, ಅದನ್ನು ಹಿಂದೆ ತೆಗೆದುಕೊಳ್ಳುತ್ತೇನೆ ಎಂದು ನಿನ್ನ ಹೆಸರಿನಲ್ಲಿ ಟೈಪ್ ಮಾಡಿಸಿದ್ದೇನೆ. ಸೈನ್ ಹಾಕು. ತಿಂಗಳೊಪ್ಪತ್ತಿನಲ್ಲಿ ಅದೇ ಡಾಕ್ಟರು ಗುಣವಾಗಿದೆ ಎಂದು ಬರೆಯುತ್ತಾರೆ, ಮತ್ತೆ ಹಾರು. ಹಾಕದಿದ್ದರೆ ಲೈಸೆನ್ಸ್ ಪೂರ್ತಿ ರದ್ದಾಗುತ್ತದೆ. ಒಮ್ಮೆ ಹುಚ್ಚಿ ಎಂಬ ಹಣೆಪಟ್ಟಿ ಬಿದ್ದವಳ ಕೈಗೆ ಆಮೇಲೆ ಯಾರೂ ವಿಮಾನ ಕೊಡುವುದಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ.

ಒಂದು ಸಿಹಿ ಸುದ್ದಿಯೂ ಇದೆ. ನಿನ್ನ ಗಲಾಟೆ ಪೇಪರಿನಲ್ಲಿ ಬಂದ ಮೇಲೆ ಸರ್ಕಾರ ನಿಯಮ ಸುಧಾರಣೆಗೆ ಸಮಿತಿ ಮಾಡಿದೆ. ಅಧ್ಯಕ್ಷೆ ನಾನೇ! ಬೇಲಿಯೇ ಎದ್ದು ಹೊಲ ಮೇಯಿತು ಎಂದು ನೀನು ಅನ್ನುತ್ತೀಯ, ಗೊತ್ತು. ಹೊಲದ ರುಚಿ ಬೇಲಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು, ಸುತ್ತಿ ಸುತ್ತಿ ನನ್ನ ಹತ್ತಿರವೇ ಬರುತ್ತದೆ.

ವಾಲ್ವಿನ ಬಗ್ಗೆ ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ. ಆ ಎರಡೂ ವಿಮಾನಗಳು ದಿನ ಬಿಟ್ಟು ದಿನ ಜನ ತುಂಬಿಕೊಂಡು ನಿನ್ನ ಊರಿಗೇ ಬಂದು ಹೋಗುತ್ತಿವೆ. ಇದುವರೆಗೆ ಒಬ್ಬರಿಗಾದರೂ ಒಂದು ಗೀರು ಬಿದ್ದಿದೆಯೇ? ಎಲ್ಲ ಸುರಕ್ಷಿತವಾಗಿದೆ ಎಂದು ಉತ್ತರ ಬರೆದು ಪ್ರಾಧಿಕಾರಕ್ಕೆ ಇವತ್ತೇ ಕಳಿಸಿದ್ದೇನೆ.

ಊಟ ಬಿಡಬೇಡ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಮ್ಮ

ಬರೆಯಲು ಮರೆತೆ: ಟೈಪ್ ಮಾಡಿಸಿದ ಕಾಗದವನ್ನು ಲಕೋಟೆಯಲ್ಲಿಟ್ಟು ಅಂಟಿಸಿ ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಳಗೇನಿದೆ ಎಂದು ಅವರಿಗೆ ಹೇಳಿಲ್ಲ, ನೀನೂ ಹೇಳಬೇಡ. ಮುಕ್ಕಾಲು ಗಂಟೆ ದಾರಿ, ನಮ್ಗೆ ಟಿಕೆಟ್ಟೂ ಬಿಟ್ಟಿ, ಈ ಮಂಡಿನೋವಲ್ಲಿ ಇಡೀ ದಿನ ರೈಲಲ್ಲಿ ಯಾಕೆ ಕೂರ್ಬೇಕು ಅಂತ ಮಾತು ಬಿಟ್ಟವರು ಜಗಳಕ್ಕೇ ನಿಂತರು. ವಿಮಾನದಲ್ಲಿ ಸೀಟಿಲ್ಲ ಅಂತ ಸುಳ್ಳು ಹೇಳಿ ರೈಲು ಹತ್ತಿಸುತ್ತಿದ್ದೇನೆ. ವಾಪಸ್ಸು ಬರುವಾಗ ಅವರು ಏನೇ ಅಂದರೂ ಕೇಳಬೇಡ, ನೀನೇ ಕೈ ಹಿಡಿದು ರೈಲಿನಲ್ಲೇ ಕರೆದುಕೊಂಡು ಬಾ. ಚಳಿ ಮುಗಿಯುವವರೆಗೆ ಇಬ್ಬರೂ ಆ ವಿಮಾನ ಹತ್ತಬೇಡಿ, ನನ್ನಾಣೆ.