ಏಳನೆಯ ವಾಕ್ಯದ ಪಾಪ

ಫೆಬ್ರವರಿ ೩೦, ೨೩೧೨
ಅಳೆಮನೆ ಬೀದಿ, ಧಾರವಾಡ

ಡಾ. ಶಾಲ್ಮಲಾ ಕಾಖಂಡಕಿಯವರಿಗೆ,

ತಾರೀಕು ನೋಡಿ ಕ್ಯಾಲೆಂಡರ್ ತಿರುವಬೇಡಿ; ನಿಮಗಿಂತ ಎಷ್ಟೋ ತಲೆಮಾರು ಆಚೆಯವರಾದ ನಾವು ಎಲ್ಲ ತಿಂಗಳನ್ನೂ ಮೂವತ್ತಕ್ಕೆ ಮಟ್ಟ ಮಾಡಿದ್ದೇವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಕ್ಷಮೆ ಎಂಬುದನ್ನೂ ನಿಘಂಟು ನೋಡಿಯೇ ಬರೆದೆ.

ಪಾಪಪ್ರಜ್ಞೆಯನ್ನು ಅಳೆಯುವ ಪ್ರಶ್ನಾವಳಿಯ ಕರಡು ಈಗ ನಿಮ್ಮ ಮೇಜಿನ ಮೇಲಿದೆ. ಅದರ ಏಳನೆಯ ವಾಕ್ಯ: 'ನನಗೆ ಆಗಾಗ ಪಾಪ ಅನ್ನಿಸುತ್ತದೆ.' ನೀವು ಕೇಳಿದ್ದು ಮಾಡಿದ ತಪ್ಪಿನ ಬಗ್ಗೆ. ಅದು ಅಚ್ಚಾಗಿ ಹೋದ ಮೇಲೆ ಜನ ನೆನೆಸಿಕೊಂಡದ್ದು ಬಿಸಿಲಲ್ಲಿ ಕಟ್ಟಿಹಾಕಿದ ಎಮ್ಮೆಗರುವನ್ನು, ಬಸ್ಸಲ್ಲಿ ನಿಂತೇ ಬಂದ ಬಸುರಿಯನ್ನು. 'ಪಾಪ ಅನಸ್ತೈತ್ರೀ, ಅನಸೂದಿಲ್ಲೇನು?' ಎಂದು ಪೂರ್ಣ ಅಂಕ ಹಾಕಿದರು. ತಿಂಗಳು ಬಿಟ್ಟು ಕೇಳಿದರೂ ಅದೇ ಉತ್ತರ. ಆದ್ದರಿಂದ ಮಾಪನ ವಿಶ್ವಾಸಾರ್ಹವೆಂದು ಠರಾವಾಯಿತು. ತಕ್ಕಡಿ ಪ್ರತಿಸಲವೂ ಒಂದೇ ತೂಕ ತೋರಿಸಿದ್ದು ನಿಜ. ತಟ್ಟೆಯಲ್ಲಿ ಏನಿದೆಯೆಂದು ಯಾರೂ ಬಗ್ಗಿ ನೋಡಲಿಲ್ಲ. ಇದರೊಂದಿಗೆ ತಾಳೆಯಾಗದ ಬೇರೆ ವಾಕ್ಯಗಳನ್ನೆಲ್ಲ ನಿಮ್ಮ ನಂತರದವರು ಕಿತ್ತರು. ಉಳಿದದ್ದು ಇದೊಂದೇ.

ನಮ್ಮಲ್ಲಿ ಹನ್ನೆರಡು ತುಂಬಿದ ಮಕ್ಕಳನ್ನು ಮನಸ್ಸು ಅಳೆಯುವ ಅಳೆಮನೆಗೆ ಕರೆದೊಯ್ದು ಈ ವಾಕ್ಯ ಓದಿಸುತ್ತೇವೆ. ಅಂಕ ಹೆಚ್ಚಾದರೆ ದಿನಕ್ಕೊಂದು ಚಮಚ ಸಮತಟ್ಟು, ಅಂದರೆ ಮನಸ್ಸಿನ ಏರುತಗ್ಗು ತೆಗೆಯುವ ಔಷಧಿ. ಏಲಕ್ಕಿ ರುಚಿ, ಮಕ್ಕಳು ಹಟ ಮಾಡುವುದಿಲ್ಲ. ಅಳುವವರನ್ನು ಅಳೆದೂ ಅಳೆದೂ ಈಗ ಅಳೆಯುವುದಕ್ಕೆ ಅಳುವವರೇ ಸಿಗುತ್ತಿಲ್ಲ. ಬೀದಿ ಚೊಕ್ಕ. ಜಗಳವಿಲ್ಲ. ಮದುವೆಗೂ ಮಸಣಕ್ಕೂ ಒಂದೇ ಮುಖ ಸಾಕಾಗುತ್ತದೆ.

ಹೋದ ವಾರ ನನ್ನ ಹೆಂಡತಿ ಕೌಮುದಿ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಳು. ನೆರೆಯವರು ಸುತ್ತ ನಿಂತು 'ಬಿದ್ದರಲ್ಲ' ಎಂದರು. 'ಹೌದು, ಬಿದ್ದಳು' ಎಂದೆ. ಮಾಹಿತಿ ಸರಿಯಾಗಿಯೇ ಇತ್ತು. ನಮ್ಮ ಮಗಳು ಬಕುಳಿ ಮಾತ್ರ ಅಮ್ಮನ ಪಾದವನ್ನು ಮಡಿಲಿಗೆ ತೆಗೆದುಕೊಂಡು 'ಪಾಪ, ಪಾಪ' ಎನ್ನುತ್ತ ಕೂತಿದ್ದಳು. ಯಾರೂ ಕಲಿಸಿದ್ದಲ್ಲ. ಕೇಳಿ ನನಗೇನೂ ಆಗಲಿಲ್ಲ. ಏನೋ ಆಗಬೇಕಿತ್ತು ಎಂಬುದಷ್ಟೇ ತಿಳಿಯಿತು.

ನಾಳೆ ಬಕುಳಿಗೆ ಹನ್ನೆರಡು ತುಂಬುತ್ತದೆ. ಏಳನೆಯ ವಾಕ್ಯಕ್ಕೆ 'ಇಲ್ಲ' ಅಂದುಬಿಡು ಎಂದು ಹೇಳಿಕೊಟ್ಟೆ. 'ಆದರೆ ಅನ್ನಿಸುತ್ತದಲ್ಲ ಅಪ್ಪ' ಎಂದಳು.

ಆದ್ದರಿಂದ ನಿಮ್ಮಲ್ಲಿ ಬೇಡಿಕೆ: ಆ ವಾಕ್ಯವನ್ನು ಹೊಡೆದುಹಾಕಿ. ಮನಸ್ಸಾಗದಿದ್ದರೆ 'ನಾನು ಮಾಡಿದ್ದಕ್ಕೆ' ಎಂದಾದರೂ ಸೇರಿಸಿ. ಎರಡೇ ಪದ, ಕಾಗದದಲ್ಲಿ ಜಾಗವಿದೆ. ಇದನ್ನು ಬರೆಯುವಾಗಲೂ ನನಗೇನೂ ಅನ್ನಿಸುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದು ಕೇಳುವ ಪ್ರಶ್ನಾವಳಿ ನಮ್ಮಲ್ಲಿಲ್ಲ.

ನೀವು ತಿದ್ದಿದರೆ ನಾಳೆ ನಮ್ಮ ಮನೆಯ ಏಲಕ್ಕಿ ಬರಿ ಹುಟ್ಟುಹಬ್ಬದ ಪಾಯಸದ್ದಾಗಿರುತ್ತದೆ. ಚಮಚ ತೊಳೆದಿಟ್ಟಿದ್ದೇನೆ. ಎರಡಕ್ಕೂ ಅದೇ ಚಮಚ.

ಇಂತು,
ಬಕುಳಿಯ ತಂದೆ
ಇಂದುಧರ