ಆರನೇ ದಿನದ ಹಾಡು

ಬಿಷ್ಣುಪುರ, ಮಣಿಪುರ
೧೪ ನವೆಂಬರ್ ೨೦೧೩, ಗುರುವಾರ

ಪ್ರೀತಿಯ ಅಕ್ಕ, ನನ್ನ ಇಚೆ,

ನಿನ್ನ ಕಾಗದ ಸೋಮವಾರ ಬಂತು. ಓದಿ ಅಕ್ಕಿ ಡಬ್ಬದ ಕೆಳಗಿಟ್ಟೆ. ಮೂರು ದಿನದಿಂದ ಅನ್ನಕ್ಕಿಡಲು ಹೋದಾಗಲೆಲ್ಲ ಅದರ ಅಂಚು ಕಾಣುತ್ತಿದೆ.

ನೀನು ಕೇಳಿದ್ದು ಎರಡೇ ಪ್ರಶ್ನೆ. ಹುಟ್ಟಲಿರುವ ನಿನ್ನ ಮಗುವಿನ ಆರನೇ ದಿನದ ಪೂಜೆಗೆ ಸಿಲ್ಚಾರಿಗೆ ಬಂದು ಹಾಡುತ್ತೇನೆ ಎಂದು ಮಾತು ಕೊಟ್ಟಿದ್ದ ಅಜ್ಜಿ, ನಮ್ಮ ಅಬೋಕ್, ಈಗ ಬರುವುದಿಲ್ಲ ಎಂದು ಯಾಕೆ ಹೇಳಿ ಕಳಿಸಿದಳು? "ಅಜ್ಜಿಗೆ ನೀನೇನು ಮಾಡಿದೆ, ಸಾನಾ?" ಎಂದೂ ಕೇಳಿದ್ದೀಯ. ಯಾರೋ ನಿನಗೆ ಅಷ್ಟು ಮುಟ್ಟಿಸಿದ್ದಾರೆ, ಆದರೆ ಪೂರ್ತಿ ಮುಟ್ಟಿಸಿಲ್ಲ. ಪೂರ್ತಿ ನಾನು ಬರೆಯುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ನನ್ನ ಸ್ವಭಾವ ನಿನಗೆ ಗೊತ್ತು. ಮೈಕಿನ ಮುಂದೆ ಒಂದು ಗಂಟೆ ಮಾತಾಡುವವಳಿಗೆ ನಿನ್ನ ಮುಂದೆ ಬಾಯಿ ಬರುವುದಿಲ್ಲ.

ನಾನು ರೇಡಿಯೋಗೆ ಹೇಗೆ ಬಂದೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಕಾಲೇಜಿನ ಕ್ಯಾಂಟೀನಿನಿಂದ ದಿನಾ ಮೂರು ಗಂಟೆಗೆ ಅಲ್ಲಿನ ರೇಡಿಯೋ ಕೋಣೆಗೆ ಚಹಾ, ಸೊಪ್ಪಿಗೆ ಒಣಮೀನು ಕಲಸಿದ ಸಿಂಗ್ಜು ಒಯ್ಯುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿ ಕೊರಿಯಾದ ಹಾಡು ಹಾಕಿ ಅದಕ್ಕೆ ಏನೇನೋ ಅರ್ಥ ಹೇಳುತ್ತಿದ್ದಳು. ನಾನು ತಟ್ಟೆ ಇಡುತ್ತಾ, ಇವನು ಪ್ರೀತಿ ಮಾಡ್ತೀನಿ ಅಂತಿಲ್ಲ, ನಿನ್ನ ಕೊಡೆ ವಾಪಸ್ ತಗೊಂಡು ಹೋಗು ಅಂತಿದಾನೆ, ಎಂದೆ. ರೇಡಿಯೋ ನೋಡಿಕೊಳ್ಳುವ ಮೇಷ್ಟ್ರು, ಓಜಾ ಕುಂಜಬಿಹಾರಿ, ಕನ್ನಡಕ ಮೇಲೆತ್ತಿ ನೋಡಿದರು. "ಏಯ್, ನಿಂಗೆ ಹೇಗ್ ಗೊತ್ತಾಯ್ತೇ ಇದು?" ಎಂದರು.

ಹೇಗೆ ಗೊತ್ತಾಯಿತು ಎಂದು ನಿನಗೆ ಗೊತ್ತು. ಕರೆಂಟ್ ಬಂದ ದಿನಗಳಲ್ಲಿ ನಾವಿಬ್ಬರೂ ಒಂದೇ ಕಂಬಳಿ ಹೊದ್ದು ಆ ಕೊರಿಯಾದ ಸಿನಿಮಾ ಸಿ.ಡಿ.ಗಳನ್ನು ನೋಡುತ್ತಿದ್ದೆವಲ್ಲ. ಕೆಳಗೆ ಬರುವ ಇಂಗ್ಲಿಷನ್ನು ನೀನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ನನಗೆ ಇಂಗ್ಲಿಷ್ ಬರದು. ಅದಕ್ಕೆ ನಾನು ಅವರ ಬಾಯನ್ನೂ ನಿನ್ನ ಬಾಯನ್ನೂ ಜೋಡಿಸಿಕೊಂಡು ಕಲಿತೆ. ಎಂಟು ವರ್ಷ ಕಲಿತೆ.

ಊರಿನವರೂ ಕಾರ್ಯಕ್ರಮ ನಡೆಸಬೇಕು ಎಂಬ ನಿಯಮ ಆ ರೇಡಿಯೋಗೆ ಇದೆಯಂತೆ. ಓಜಾ ನನ್ನನ್ನೇ ಕೂರಿಸಿದರು. ಶನಿವಾರ ಸಂಜೆ ನಾಲ್ಕರಿಂದ ಐದು, ಜಪಾನ್ ಮತ್ತು ಕೊರಿಯಾದ ಹಾಡುಗಳು. ಮೊದಲು ಅರ್ಥ, ಆಮೇಲೆ ಹಾಡು. ಅದು ನನ್ನ ಪದ್ಧತಿ. ಗಾಜಿನ ಕೋಣೆಯ ಬಾಗಿಲು ಮುಚ್ಚಿದ ಮೇಲೆ ನನ್ನನ್ನು ಯಾರೂ ನೋಡುವುದಿಲ್ಲ, ಹತ್ತು ಕಿಲೋಮೀಟರ್‌ವರೆಗೆ ಎಲ್ಲರೂ ಕೇಳುತ್ತಾರೆ. ಇಂಥ ಜಾಗ ಲೋಕದಲ್ಲಿ ಇದೆ ಎಂದು ನನಗೆ ಮೊದಲೇ ಗೊತ್ತಿದ್ದರೆ ಚಿಕ್ಕಂದಿನಲ್ಲಿ ಅಷ್ಟು ಅಳುತ್ತಿರಲಿಲ್ಲ.

ನಿನಗೆ ನಗು ಬರುವ ಒಂದು ಮಾತು ಹೇಳಲೇ? ನನಗೆ ಕೊರಿಯಾದ ಮಾತು ಬರುತ್ತದೆ, ಜಪಾನಿನದು ಬರುವುದಿಲ್ಲ. ಜಪಾನಿ ಹಾಡುಗಳಿಗೆ ಅರ್ಥವನ್ನು ನಾನೇ ಕಟ್ಟುತ್ತಿದ್ದೆ. ರಾಗ ದುಃಖದ್ದಾದರೆ ರೈಲು ತಪ್ಪಿತು, ಖುಷಿಯದಾದರೆ ಮೀನು ಸಿಕ್ಕಿತು. ಹತ್ತು ಕಿಲೋಮೀಟರ್ ಒಳಗೆ ತಪ್ಪು ಹಿಡಿಯುವವರು ಯಾರಿದ್ದಾರೆ? ನಮ್ಮ ಪಕ್ಕದ ಮನೆಯ ಥಾಜಾ ನಾನು ಕಟ್ಟಿದ ಒಂದು ಅರ್ಥ ಕೇಳಿ ಅತ್ತಿದ್ದಳು.

ಅಕ್ಟೋಬರಿನಲ್ಲಿ ಪ್ರೇಮ್‌ಜಿತ್ ಎದ್ದ. ವಿದ್ಯಾರ್ಥಿ ಸಂಘದವನು. ನಾನು ಚಹಾ ಹಿಡಿದು ಒಳಗೆ ಬರುವಾಗಲೇ ಓಜಾಗೆ ಹೇಳುತ್ತಿದ್ದ: "ಕಾಲೇಜ್ ರೇಡಿಯೋದಲ್ಲಿ ಐದನೇ ಕ್ಲಾಸಿನೋಳು ಮಾತಾಡ್ತಾಳೆ ಅಂತ ಬೇರೆ ಕಾಲೇಜಿನೋರು ನಗ್ತಾರೆ ಓಜಾ. ಸಿಂಗ್ಜು ಕಲಸೋ ಕೈಗೆ ಮೈಕ್ ಕೊಟ್ರೆ ಮೈಕೂ ಮೀನ್ ವಾಸ್ನೆ ಬರುತ್ತೆ." ಎಲ್ಲರೂ ನಕ್ಕರು. ಅವನು ನನ್ನ ತಟ್ಟೆಯಿಂದಲೇ ಸಿಂಗ್ಜು ತೆಗೆದುಕೊಂಡು ತಿಂದ.

ಓಜಾ ಒಳ್ಳೆಯವರು, ಆದರೆ ಗಟ್ಟಿ ಮನುಷ್ಯ ಅಲ್ಲ. ಆಮೇಲೆ ನನ್ನನ್ನು ಕರೆದು, "ನಾಲ್ಕು ಜನ ಫೋನ್ ಮಾಡೋ ಹಂಗೆ ಏನಾದ್ರೂ ಮಾಡು ಸಾನಾ. ಇಲ್ದಿದ್ರೆ ಮುಂದಿನ ತಿಂಗ್ಳಿಂದ ಅವ್ನೇ ಕೂರ್ತಾನೆ" ಎಂದರು.

ಆಗ ನನಗೆ ಅಬೋಕ್ ಹಾಡು ನೆನಪಾಯಿತು.

ಯುದ್ಧದ ವರ್ಷ ನಮ್ಮ ಕಣಜದಲ್ಲಿ ಬಿದ್ದಿದ್ದ ಜಪಾನಿ ಸಿಪಾಯಿ, ಅವನ ಕಾಲಿನ ಗಾಯ, ಏಳು ವರ್ಷದ ಅಬೋಕ್ ಕದ್ದು ಒಯ್ದ ಗಂಜಿ, ಅವಳನ್ನು ತನ್ನ ಮಗಳ ಹೆಸರಿನಿಂದ ಕರೆದು ಅವನು ಹಾಡಿದ ಹಾಡು. ನಾಲ್ಕನೇ ದಿನ ಅವನು ಸತ್ತ. ಹಾಡು ಇವಳ ಬಾಯಲ್ಲಿ ಉಳಿಯಿತು. ಒಂದು ಪದದ ಅರ್ಥವೂ ಗೊತ್ತಿಲ್ಲದೆ ಅರವತ್ತೊಂಬತ್ತು ವರ್ಷ ಹಾಡಿದಳು. ಅಮ್ಮನಿಗೆ, ನಿನಗೆ, ನನಗೆ. ಊರಲ್ಲಿ ಯಾರಿಗೆ ಮಗು ಹುಟ್ಟಿದರೂ ಆರನೇ ದಿನ ಅವಳನ್ನು ಕರೆಯುವುದೇ ಪದ್ಧತಿಯಾಯಿತು. ಸಾಯುವ ಹೊತ್ತಿಗೆ ಅಮ್ಮ ಅದನ್ನೇ ಕೇಳಿದಳು. ನೀನು ಆಗ ಇಂಫಾಲದ ಹಾಸ್ಟೆಲಿನಲ್ಲಿದ್ದೆ. ಹಾಡು ಮುಗಿಯುವ ಮುಂಚೆ ಅಮ್ಮ ಹೋದಳು. ಅಬೋಕ್ ನಿಲ್ಲಿಸದೆ ಕೊನೆಯವರೆಗೂ ಹಾಡಿದಳು.

ಅದೇ ವಾರ ಕಿನುಯೋ ಬಂದಿದ್ದಳು. ಗುಡ್ಡದ ಯುದ್ಧ ಸ್ಮಾರಕಕ್ಕೆ ವರ್ಷವರ್ಷ ಬರುವ ಜಪಾನಿ ಹೆಂಗಸು, ಇಲ್ಲಿ ಸತ್ತ ತಂದೆಯ ಗುರುತು ಹುಡುಕುವವಳು. ಐದಾರು ಸಲ ಬಂದು ನಮ್ಮ ಮಾತನ್ನು ಮಕ್ಕಳಂತೆ ಆಡುತ್ತಾಳೆ. ಕ್ಯಾಂಟೀನಿನಲ್ಲಿ ಕೂತಿದ್ದಾಗ ನನ್ನ ಮೊಬೈಲಿನಲ್ಲಿದ್ದ ಅಬೋಕ್ ಹಾಡನ್ನು ಕೇಳಿಸಿದೆ. ಆಕೆ ಮೂರು ಸಲ ಕೇಳಿದಳು. ಕಾಗದದ ಒಂದು ಮಗ್ಗುಲಲ್ಲಿ ತನ್ನ ಅಕ್ಷರದಲ್ಲಿ ಹಾಡನ್ನು ಬರೆದಳು. ಅರ್ಥ ಹೇಳಿದಳು, ಇನ್ನೊಂದು ಮಗ್ಗುಲಲ್ಲಿ ನಾನು ಬರೆದುಕೊಂಡೆ. ಮರುದಿನ ಆಕೆ ತನ್ನ ದೇಶಕ್ಕೆ ಹೊರಟಳು.

ಇಪ್ಪತ್ತಾರನೇ ತಾರೀಖು ಶನಿವಾರ ಅಬೋಕ್‌ಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಮದುವೆಗೆ ಉಡುವ ಗುಲಾಬಿ ಫನೇಕ್ ಉಟ್ಟಿದ್ದಳು. ಆಟೋದಲ್ಲಿ ಕೂತವರಿಗೆಲ್ಲ, "ರೇಡಿಯೋದೋಳು ನನ್ ಮೊಮ್ಮಗ್ಳು. ಇವತ್ತು ನನ್ನೂ ಹಾಡಿಸ್ತಾಳಂತೆ. ನನ್ ಗಂಟ್ಲೋ, ಗಂಜಿ ಮಡಕೆ ಕೆರ್ದಂಗಿದೆ" ಎಂದು ಹೇಳಿ ತಾನೇ ನಕ್ಕಳು. ಪಕ್ಕದ ಪುಟ್ಟ ಕೋಣೆಯ ಮೈಕಿನ ಮುಂದೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದಾಗ, "ಅಯ್ಯೋ, ನನ್ ಉಸಿರು ನಂಗೇ ಕೇಳುತ್ತಲ್ಲೇ" ಎಂದಳು.

ಆವತ್ತು ಪದ್ಧತಿ ಬದಲಿಸಿದೆ. ಮೊದಲು ಹಾಡು, ಆಮೇಲೆ ಅರ್ಥ.

ಅವಳು ಚೆನ್ನಾಗಿ ಹಾಡಿದಳು, ಇಚೆ. ಗಾಜಿನ ಆಚೆ ಓಜಾ ಕಣ್ಣು ಒರೆಸಿಕೊಂಡದ್ದು ಕಂಡಿತು. ಪ್ರೇಮ್‌ಜಿತ್ ಕೂಡ ಬಾಗಿಲಿಗೆ ಒರಗಿ ನಿಂತಿದ್ದ. ಹಾಡು ಮುಗಿದ ಮೇಲೆ ನಾನು ಕಾಗದ ಎತ್ತಿ ಅವರಿಗೆಲ್ಲ ಜಪಾನಿ ಅಕ್ಷರ ಕಾಣುವಂತೆ ಹಿಡಿದೆ. ಜಪಾನಿನವರೇ ಬರೆದುಕೊಟ್ಟಿದ್ದಾರೆ ಎಂದು ಹೇಳಿದೆ. ಆಮೇಲೆ ಅರ್ಥ ಹೇಳಿದೆ. ಇದು ಜೋಗುಳ ಅಲ್ಲ, ಕುಡಿದ ಸಿಪಾಯಿಗಳು ಸೂಳೆಮನೆ ಬಾಗಿಲಲ್ಲಿ ಸಾಲು ನಿಂತು ಹಾಡುವ ಹಾಡು. ಸವೆದ ಬೂಟಿನಂಥವಳೇ ಬಾಗಿಲು ತೆಗೆ, ಮುಂದಿನವನು ಕಾಯುತ್ತಿದ್ದಾನೆ, ಎಂದು ಅದರ ಸಾಲು.

ಅಬೋಕ್ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ನಾನು ಮರೆತಿದ್ದೆ.

ಫೋನ್ ನಿಲ್ಲಲೇ ಇಲ್ಲ. ನಾಲ್ಕು ಅಲ್ಲ, ಮೂವತ್ತೊಂದು ಬಂದವು. ಒಬ್ಬ, "ಆ ಸಿಪಾಯಿ ಕಣಜದಲ್ಲಿ ಮುದುಕಿಗೆ ಇನ್ನೇನೇನು ಕಲಿಸ್ದ ಅಂತ ಸ್ವಲ್ಪ ಕೇಳಮ್ಮ" ಎಂದ. ಹಿಂದೆ ಯಾರೋ ಕೇಕೆ ಹಾಕಿದರು. ಅದೂ ಅವಳ ಕಿವಿಗೆ ಬಿತ್ತು. ನಾನು ಫೋನ್ ಕಟ್ ಮಾಡಬಹುದಿತ್ತು. ಅವನಿಗೆ ಧನ್ಯವಾದ ಹೇಳಿ ಮುಂದಿನ ಕರೆ ತೆಗೆದುಕೊಂಡೆ.

ಐದು ಗಂಟೆಗೆ ನಾನು ಅವಳ ಕೋಣೆಯ ಬಾಗಿಲು ತೆಗೆದಾಗ ಅಬೋಕ್ ಹೆಡ್‌ಫೋನನ್ನು ತಾನೇ ತೆಗೆದು, ತಂತಿ ಸುತ್ತಿ, ಮೇಜಿನ ಮೇಲಿಟ್ಟಳು. "ಮುಗೀತೇನೇ?" ಎಂದಳು. ಹೂಂ ಎಂದೆ. ಮನೆಗೆ ಬಂದು ಬಾವಿಕಟ್ಟೆಯ ಹತ್ತಿರ ಕೂತು ಬಾಯಿ ಮುಕ್ಕಳಿಸಿದಳು. ಕತ್ತಲಾಗುವವರೆಗೂ ಮುಕ್ಕಳಿಸುತ್ತಿದ್ದಳು.

ಮರುದಿನ ಥಾಜಾ ತನ್ನ ಮಗುವಿಗೆ ಅಬೋಕ್ ನೇಯ್ದು ಕೊಟ್ಟಿದ್ದ ಬಟ್ಟೆಯನ್ನು ವಾಪಸ್ ತಂದು ಜಗಲಿಯಲ್ಲಿ ಇಟ್ಟಳು. "ತಪ್ಪ್ ತಿಳ್ಕೋಬೇಡಿ ಅಬೋಕ್, ನಮ್ಮತ್ತೆ ಇಟ್ಕೋಬೇಡ ಅಂತಾರೆ" ಎಂದಳು. ಅವತ್ತಿನಿಂದ ಅಬೋಕ್ ಮನೆಮನೆಗೆ ಹೋದಳು. ಬಾಳೆ ಎಲೆಯಲ್ಲಿ ಹಣ್ಣು, ವೀಳ್ಯ, ಅಡಿಕೆ ಇಟ್ಟು, ತಾನು ಹಾಡಿದ ಮಕ್ಕಳ ತಾಯಂದಿರ ಮುಂದೆ ಮಂಡಿಯೂರಿ ನಮಸ್ಕಾರ ಮಾಡಿ ಕ್ಷಮೆ ಕೇಳಿದಳು. ಹಾಡಿಸಿಕೊಂಡ ಕೆಲವರಿಗೆ ಈಗ ಮೀಸೆ ಬಂದಿದೆ. ಅವರಲ್ಲಿ ಕೆಲವರು ನಕ್ಕರು. ಐದು ದಿನ ಹೋದಳು.

ಕೊನೆಯ ದಿನ ವಾಪಸ್ ಬಂದು ನನ್ನನ್ನು ಕೇಳಿದಳು: "ನಿಮ್ಮಮ್ಮನ್ನ ಅದ್ನೇ ಹಾಡಿ ಕಳಿಸ್ದೆನಲ್ಲೇ. ಅವ್ಳ ಹತ್ರ ಹೆಂಗ್ ಹೋಗಿ ಕೇಳ್ಲಿ?"

ನಾನು ಮೀನು ತೊಳೆಯುತ್ತಿದ್ದೆ, ನೀರು ಚೆಲ್ಲಿ ಬೇರೆ ನೀರು ಹಾಕಿದೆ. ಅವಳು ಬಾಯಿಬಿಟ್ಟು ಆಡಿದ ಮಾತುಗಳಲ್ಲಿ ಅದು ಕಡೆಯಿಂದ ಎರಡನೆಯದು. ಕಡೆಯದು ನಿನ್ನ ಬಗ್ಗೆ: "ಥರೋಗೆ ಹೇಳ್ಬಿಡು. ಈ ಬಾಯಿನ ಆ ಕೂಸಿನ ಕಿವಿ ಹತ್ರ ತರಲ್ಲ." ಈಗ ಬೇಕಾದ್ದನ್ನು ಕೈಸನ್ನೆಯಲ್ಲೇ ಕೇಳುತ್ತಾಳೆ. ಒಂದು ತುತ್ತು ಉಣ್ಣುತ್ತಾಳೆ, ಏಳುತ್ತಾಳೆ.

ನೀನು ನನ್ನನ್ನು ಬೈಯುತ್ತೀಯ. ಬೈಯುವ ಮುಂಚೆ ಒಂದು ದಿನ ನೆನಪಿಸಿಕೋ. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ. ನೀನು ಎಂಟರಲ್ಲಿದ್ದೆ. ಅಮ್ಮ ಹಾಸಿಗೆ ಹಿಡಿದಿದ್ದಳು, ಮಾಸ್ತರು ಮನೆಗೆ ಬಂದು ಕೂತಿದ್ದರು. ನಾವಿಬ್ಬರೂ ಬಾಗಿಲ ಹಿಂದೆ ನಿಂತಿದ್ದೆವು. ಅಬೋಕ್ ಹೇಳಿದಳು: "ಇಬ್ರನ್ನೂ ಓದ್ಸೋಕೆ ನನ್ ಕೈಲಾಗಲ್ಲ. ಥರೋ ಬಾಯಾಳಿ, ಅವ್ಳು ಓದ್ಲಿ. ಸಾನಾಗೆ ಮಾತೇ ಬರಲ್ಲ, ಓದಿ ಏನ್ ಮಾಡ್ತಾಳೆ? ನನ್ ಜೊತೆ ಸಂತೆಗೆ ಬುಟ್ಟಿ ಹೊರ್ಲಿ." ಮಾಸ್ತರು ಹೌದು ಎಂದರು. ನೀನು ನನ್ನ ಕೈ ಹಿಡಿದುಕೊಂಡಿದ್ದೆ, ಬಿಟ್ಟೆ. ನಿನಗೆ ಮರೆತಿರಬಹುದು. ನೀನು ಬಿಟ್ಟದ್ದು ನನ್ನ ಎಡಗೈ.

ಬುಟ್ಟಿ ಹೊತ್ತೆ. ನಿನ್ನ ಬಿ.ಎ. ಮುಗಿಯುವವರೆಗೂ ಹೊತ್ತೆ. ಮಾತು ಬಾರದವಳು ಎಂದು ಸಂತೆಯಲ್ಲಿ ಎಲ್ಲ ಹೆಂಗಸರಿಗೂ ಅವಳೇ ಪರಿಚಯ ಮಾಡಿಸುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು.

ಆದರೂ ನಾನು ಸೇಡಿಗಾಗಿ ಮಾಡಿದೆ ಎಂದುಕೊಳ್ಳಬೇಡ. ಕಾಗದದಲ್ಲಿದ್ದದ್ದನ್ನು ಓದಿದೆ, ಅಷ್ಟೇ. ಅರ್ಥ ಕೆಟ್ಟದಾಗಿದ್ದರೆ ನಾನೇನು ಮಾಡಲಿ? ನಿಜ ಹೇಳುವುದು ತಪ್ಪು ಎಂದು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ಅಷ್ಟು ದೂರ ನಾನೂ ಓದಿದ್ದೇನೆ.

ಕಾರ್ಯಕ್ರಮ ನನಗೇ ಉಳಿಯಿತು. ಪ್ರೇಮ್‌ಜಿತ್ ಈಗ ನನ್ನನ್ನು ಇಚೆ ಎನ್ನುತ್ತಾನೆ. ಅಬೋಕ್ ಹಾಡನ್ನು ಮತ್ತೆ ಹಾಕಿ ಎಂದು ದಿನವೂ ಕೇಳುತ್ತಾರೆ, ಈ ಶನಿವಾರ ಹಾಕುವುದೆಂದು ಓಜಾ ಬೋರ್ಡಿನಲ್ಲಿ ಬರೆದಿದ್ದಾರೆ. ಪೂಜೆಗೆ ಬೇರೆ ಯಾರನ್ನಾದರೂ ಹಾಡಲು ಕರೆ. ಅಬೋಕ್‌ಳನ್ನು ಒತ್ತಾಯ ಮಾಡಬೇಡ.

ಹೊಟ್ಟೆಯಲ್ಲಿರುವುದನ್ನು ಜೋಪಾನ ಮಾಡಿಕೋ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ
ಸಾನಾರೈ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವ ಮುಂಚೆ ಕಿನುಯೋಳ ಕಾಗದವನ್ನೂ ಇದರೊಳಗೆ ಇಟ್ಟಿದ್ದೇನೆ. ಹಿಂದಿನ ಮಗ್ಗುಲಲ್ಲಿರುವ ನನ್ನ ಅಕ್ಷರ ಓದು. "ಹಿಮ ಬಿತ್ತು, ನಾಯಿ ಮಲಗಿತು. ಒಲೆ ಆರಿತು, ಬೆಕ್ಕು ಮಲಗಿತು. ಅಪ್ಪ ಎದ್ದಿದ್ದಾನೆ, ನೀನು ಮಲಗು." ಅಷ್ಟೇ ಇದೆ. ಇದು ತನ್ನ ಊರಿನ ಕಡೆಯ ಜೋಗುಳ, ಈಗ ಅಲ್ಲಿ ಯಾರಿಗೂ ಬರುವುದಿಲ್ಲ ಎಂದು ಕಿನುಯೋ ಹೇಳಿದಳು. ಹಾಡಿದವಳ ಕಾಲು ಮುಟ್ಟಬೇಕು, ಕರೆದುಕೊಂಡು ಹೋಗು ಎಂದಳು. ಅಜ್ಜಿ ಸಿಲ್ಚಾರಿಗೆ ಹೋಗಿದ್ದಾಳೆ ಎಂದುಬಿಟ್ಟೆ. ಜೋಗುಳಕ್ಕೆ ಯಾರು ಫೋನ್ ಮಾಡುತ್ತಾರೆ, ಇಚೆ? ಎಲ್ಲ ಜಪಾನಿ ಹಾಡುಗಳಿಗೂ ಕಟ್ಟಿದಂತೆ ಇದಕ್ಕೂ ಒಂದು ಅರ್ಥ ಕಟ್ಟಿದೆ. ಹೆಡ್‌ಫೋನ್ ನಾನು ಮರೆತಿರಲಿಲ್ಲ.

ಇದನ್ನು ನೀನು ಫೋನಿನಲ್ಲಿ ಅಬೋಕ್‌ಗೆ ಓದಿ ಹೇಳಿದರೆ ಅವಳಿಗೆ ಬಾಯಿ ಬರುತ್ತದೆ, ನನ್ನದು ಹೋಗುತ್ತದೆ. ಓದುತ್ತೀಯ ಎಂದು ನನಗೆ ಗೊತ್ತು. ಸಿಲ್ಚಾರಿಗೆ ಟಪಾಲು ಮುಟ್ಟಲು ಎಂಟು ದಿನ ಬೇಕು. ಫೋನ್ ಮಾಡದೆ ಕಾಗದ ಬರೆದದ್ದು ಅದಕ್ಕೇ. ಅಷ್ಟರೊಳಗೆ ಒಂದು ಶನಿವಾರ ನನಗೆ ಸಿಗುತ್ತದೆ.